ಕೆರೆಯ ಲೆಕ್ಕ ಓದುವುದು ಹೇಗೆ?

ಈ ವರ್ಷ ನಮ್ಮ ಕಾಲೇಜಿನ ಪರಿಸರ ಸಂಘದವರು ಜಕ್ಕೂರು ಕೆರೆಯ ಕ್ಷೇತ್ರ ಅಧ್ಯಯನಕ್ಕೆ ವಾಣಿಜ್ಯ ವಿಭಾಗದವರನ್ನೂ ಸೇರಿಸಿಕೊಂಡರು. ನಾನು ಹೆಸರು ಕೊಟ್ಟಾಗ ತರಗತಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಪಿಸಿಎಂಬಿಯವರ ಟ್ರಿಪ್‌ನಲ್ಲಿ ಸೆಬಾದವರಿಗೇನು ಕೆಲಸ?" ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಕೆರೆಯ ದಂಡೆಯಲ್ಲಿ ನಾವು ಮಾಡಿದ್ದು ಹೆಚ್ಚೂಕಡಿಮೆ ಲೆಕ್ಕಪರಿಶೋಧನೆ. ಕೆರೆಗೆ ಏನು ಬಂತು, ಏನು ಹೋಯಿತು, ಉಳಿದದ್ದೆಷ್ಟು, ದಾಖಲೆ ಎಲ್ಲಿದೆ ಎಂದು ಹುಡುಕುವ ಕೆಲಸ. ಆ ದಾಖಲೆಯಲ್ಲಿ ಅತ್ಯಂತ ನಂಬಿಕೆಯದ್ದು ಕೆಸರಿನಲ್ಲಿರುವ ಹುಳುಗಳು ಎನ್ನುವುದು ನಾನು ಅಲ್ಲಿ ಕಲಿತ ಮುಖ್ಯ ಪಾಠ.

ಜೌಗು ಪ್ರದೇಶ ಎಂದರೆ ಯಾವುದು?

'ವೆಟ್‌ಲ್ಯಾಂಡ್' ಅಥವಾ ಜೌಗು ಪ್ರದೇಶ ಎಂದ ಕೂಡಲೇ ಕಾಡಿನ ನಡುವಿನ ಕೆಸರು ನೆಲ ನೆನಪಾಗುತ್ತದೆ. ಆದರೆ 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಹಲವು ದೇಶಗಳು ಒಪ್ಪಿದ ವ್ಯಾಖ್ಯೆ ಬಹಳ ವಿಶಾಲವಾದದ್ದು. ನೈಸರ್ಗಿಕವೋ ಮನುಷ್ಯ ಮಾಡಿದ್ದೋ, ವರ್ಷವಿಡೀ ನೀರಿರುವುದೋ ಕೆಲವೇ ತಿಂಗಳು ಇರುವುದೋ, ನಿಂತ ನೀರೋ ಹರಿಯುವ ನೀರೋ, ಸಿಹಿಯೋ ಉಪ್ಪೋ, ಎಲ್ಲವೂ ಅದರಲ್ಲಿ ಸೇರುತ್ತವೆ. ಹಾಗಾಗಿ ನಮ್ಮ ಊರಿನ ಕೆರೆ, ಕುಂಟೆ, ಗದ್ದೆ ಕೂಡ ಜೌಗು ಪ್ರದೇಶಗಳೇ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1982ರಲ್ಲಿ. ಕರ್ನಾಟಕದಲ್ಲಿ ಮೊದಲು ರಾಮ್ಸಾರ್ ಪಟ್ಟಿಗೆ ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ನದೀಮುಖ ಸೇರಿದವು. ಇವುಗಳಲ್ಲಿ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ ರೈತರ ನೀರಾವರಿಗೆಂದು ಕಟ್ಟಿದ ಕೆರೆಗಳು. ಮನುಷ್ಯ ಕಟ್ಟಿದ ಕೆರೆ ಅಂತರರಾಷ್ಟ್ರೀಯ ಮಹತ್ವ ಪಡೆಯಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಸಾಕ್ಷಿಗಳಿವೆ.

ಇಲ್ಲಿ ಒಂದು ವಿಚಿತ್ರವೂ ಇದೆ. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗಾಗಿ ಮತ್ತು ನೀರಾವರಿಗಾಗಿಯೇ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ಕರ್ನಾಟಕದ ಹೆಚ್ಚಿನ ಕೆರೆಗಳು ಅಂಥವೇ. ಅವುಗಳ ರಕ್ಷಣೆಗೆ 2014ರ ರಾಜ್ಯದ ಕೆರೆ ಸಂರಕ್ಷಣೆ ಕಾಯ್ದೆ ಇದೆ. ಆದರೂ ಯಾವುದೇ ಕಾಯ್ದೆ ಕೆಲಸ ಮಾಡಬೇಕಾದರೆ ಕೆರೆಯ ಸ್ಥಿತಿ ಏನು ಎಂದು ಯಾರಾದರೂ ಬರೆದಿಟ್ಟಿರಬೇಕು.

ಜಕ್ಕೂರನ್ನೇ ಯಾಕೆ ಆರಿಸಿದರು?

ಬೆಂಗಳೂರಿನ ಮಧ್ಯದಲ್ಲಿ ದೊಡ್ಡ ನದಿ ಇಲ್ಲ. ಹಿಂದಿನವರು ಇಳಿಜಾರಿಗೆ ಅಡ್ಡವಾಗಿ ಏರಿ ಕಟ್ಟಿ, ಒಂದು ಕೆರೆ ತುಂಬಿದರೆ ಕೋಡಿ ಹರಿದು ಮುಂದಿನ ಕೆರೆಗೆ ಹೋಗುವಂತೆ ಸರಣಿ ಮಾಡಿದರು. ನಮ್ಮ ಮನೆಯಲ್ಲಿ ಕೆರೆಗೆ 'ತಾಲಾಬ್' ಅನ್ನುತ್ತೇವೆ. ಆದರೆ ಏರಿ, ಕೋಡಿ, ತೂಬು, ರಾಜಕಾಲುವೆ ಎಂಬ ಮಾತುಗಳನ್ನು ಉರ್ದು ಮಾತನಾಡುವಾಗಲೂ ಕನ್ನಡದಲ್ಲೇ ಹೇಳುತ್ತೇವೆ. ಏರಿ ಎಂದರೆ ಕಟ್ಟೆ, ತೂಬು ಎಂದರೆ ಗದ್ದೆಗೆ ನೀರು ಬಿಡುವ ಬಾಗಿಲು, ಕೋಡಿ ಎಂದರೆ ಹೆಚ್ಚಾದ ನೀರು ಹೊರಹೋಗುವ ಜಾಗ. ಲೆಕ್ಕದ ಭಾಷೆಯಲ್ಲಿ ರಾಜಕಾಲುವೆ ಜಮಾ, ಕೋಡಿ ಮತ್ತು ತೂಬು ಖರ್ಚು.

ಜಕ್ಕೂರು ಕೆರೆ ಸುಮಾರು 160 ಎಕರೆ. ಅದರ ನೀರು ರಾಚೇನಹಳ್ಳಿ ಕೆರೆಗೆ ಹರಿದು, ಕೊನೆಗೆ ದಕ್ಷಿಣ ಪಿನಾಕಿನಿ ನದಿಯ ಕಡೆ ಹೋಗುತ್ತದೆ. ಈ ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಒಳಚರಂಡಿ ಶುದ್ಧೀಕರಣ ಘಟಕವಿದೆ. ಮೊದಲು ಕಟ್ಟಿದಾಗ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ನಡುವೆ ಜೊಂಡು, ಆಪು ಬೆಳೆಸಿದ ಆಳವಿಲ್ಲದ ಜೌಗು ಇದೆ. ನೀರು ಅದರ ಮೂಲಕ ನಿಧಾನವಾಗಿ ಸಾಗಿ ಆಮೇಲೆ ಕೆರೆ ಸೇರುತ್ತದೆ. ನೀರು ನಿಧಾನವಾದಾಗ ಅದರಲ್ಲಿರುವ ಕಸ ತಳಕ್ಕೆ ಕೂರುತ್ತದೆ. ಗಿಡಗಳ ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಗಿಡಗಳು ನೈಟ್ರೇಟ್, ಫಾಸ್ಫೇಟ್‌ಗಳನ್ನು ಗೊಬ್ಬರವಾಗಿ ಎಳೆದುಕೊಳ್ಳುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೌಗು ಪ್ರದೇಶ ಸಂಶೋಧಕರು ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದ್ದಾರೆ. ಒಂದು ಷರತ್ತು ಮಾತ್ರ ಇದೆ: ಬೆಳೆದ ಜೊಂಡನ್ನು ಆಗಾಗ ಕತ್ತರಿಸಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದೇ ಗಿಡ ಸತ್ತು ಕೊಳೆತು, ಎಳೆದುಕೊಂಡ ಗೊಬ್ಬರವನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಸಾಲ ತೀರಿಸಿದಂತೆ ತೋರಿಸಿ ಮತ್ತೆ ಅದೇ ಖಾತೆಗೆ ಬರೆದ ಹಾಗೆ.

ಘಟಕದ ನೀರು, ಜೌಗಿನ ನೀರು, ಕೆರೆಯ ನೀರು ಮೂರೂ ಒಂದೇ ಕಡೆ ಸಿಗುವುದರಿಂದ ಹೋಲಿಸಿ ನೋಡಲು ಇಷ್ಟು ಅನುಕೂಲದ ಜಾಗ ಕಡಿಮೆ. ನಮ್ಮನ್ನೂ ಮೂರು ಗುಂಪು ಮಾಡಿ ಮೂರು ಕಡೆ ನಿಲ್ಲಿಸಿದರು. ಮೊದಲನೆಯದು ಜೌಗಿಗೆ ನೀರು ಬರುವ ಜಾಗ, ಎರಡನೆಯದು ಜೌಗು ಮುಗಿದು ಕೆರೆ ಶುರುವಾಗುವ ಜಾಗ, ಮೂರನೆಯದು ಕೋಡಿ. ನನ್ನದು ಕೋಡಿಯ ಗುಂಪು.

ಮೊದಲ ಕೆಲಸ: ಕಣ್ಣು, ಮೂಗು ಮತ್ತು ಒಂದು ತಟ್ಟೆ

ಉಪಕರಣ ತೆಗೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ ಬರೆಯಲು ಹೇಳಿದರು. ನೀರಿನ ಬಣ್ಣ, ವಾಸನೆ, ನೊರೆ, ತೇಲುವ ಗಿಡ, ಹಕ್ಕಿ, ದಂಡೆಯಲ್ಲಿ ಕಸ. ಹೆಜ್ಜಾರ್ಲೆಗಳು ದೂರದಲ್ಲಿ ತೇಲುತ್ತಿದ್ದವು, ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸುತ್ತಿದ್ದವು. ಎಲ್ಲರ ಮೊಬೈಲ್ ಅತ್ತ ತಿರುಗಿತು. ಆಗ ಜೀವಶಾಸ್ತ್ರದ ಉಪನ್ಯಾಸಕರು ಹೇಳಿದ ಮಾತು ಉಪಯುಕ್ತವಾದದ್ದು. ಹಕ್ಕಿಗೆ ರೆಕ್ಕೆ ಇದೆ, ಈ ಕೆರೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗುತ್ತದೆ. ಮೀನು ಹೆಚ್ಚಿದೆ ಎಂದು ಹಕ್ಕಿ ಹೇಳಬಹುದು, ನೀರು ಶುದ್ಧವಾಗಿದೆ ಎಂದು ಹೇಳಲಾರದು.

ನಂತರ ನೀರಿನ ತಿಳಿತನ ಅಳೆದೆವು. ಇದಕ್ಕೆ ಬಳಸುವುದು ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಇದನ್ನು ಬಳಕೆಗೆ ತಂದರು. ಕೆರೆಗಳಿಗೆ ಈಗ ಬಳಸುವುದು 20 ಸೆಂಟಿಮೀಟರ್ ಅಗಲದ, ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಣ್ಣ ಬಳಿದ ತಟ್ಟೆ. ಹಗ್ಗ ಕಟ್ಟಿ ನೀರಿಗೆ ಇಳಿಸಬೇಕು. ಕಣ್ಣಿಗೆ ಕಾಣದಂತಾದ ಆಳವನ್ನು ಬರೆದುಕೊಳ್ಳಬೇಕು. ಮೇಲೆ ಎತ್ತುವಾಗ ಮತ್ತೆ ಕಾಣಿಸಿಕೊಂಡ ಆಳವನ್ನೂ ಬರೆದು, ಎರಡರ ಸರಾಸರಿ ತೆಗೆಯಬೇಕು. ನಮ್ಮದು ಹಳೆಯ ಸ್ಟೀಲ್ ತಟ್ಟೆಗೆ ಬಣ್ಣ ಬಳಿದು ಕೆಳಗೆ ಕಲ್ಲು ಕಟ್ಟಿದ್ದು. ಖರ್ಚು ಬಹಳ ಕಡಿಮೆ. ನೀರು ಹಸಿರಾಗಿ ಪಾಚಿಯಿಂದ ತುಂಬಿದ್ದರೆ ತಟ್ಟೆ ಬೇಗ ಮರೆಯಾಗುತ್ತದೆ. ಬೆಳಕು ಒಳಗೆ ಹೋಗದಿದ್ದರೆ ತಳದಲ್ಲಿ ಗಿಡ ಬೆಳೆಯುವುದಿಲ್ಲ, ಗಿಡ ಇಲ್ಲದಿದ್ದರೆ ಮೀನಿನ ಮರಿಗಳಿಗೆ ಅಡಗಲು ಜಾಗ ಇರುವುದಿಲ್ಲ.

ಆಮ್ಲಜನಕದ ಬ್ಯಾಲೆನ್ಸ್ ಶೀಟ್

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗಿ ಇರಬಹುದಾದದ್ದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ. ಮೀನು ಬದುಕುವುದು ಇಷ್ಟು ಸಣ್ಣ ಬಂಡವಾಳದ ಮೇಲೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಮತ್ತು ವನ್ಯಜೀವಿಗಳಿಗೆ ತಕ್ಕ ನೀರು ಎನ್ನಬೇಕಾದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5ರ ಒಳಗಿರಬೇಕು.

ಅಳೆಯುವ ಹಳೆಯ ಮತ್ತು ಇಂದಿಗೂ ನಂಬುವ ವಿಧಾನ ವಿಂಕ್ಲರ್ ಪರೀಕ್ಷೆ. ಇದನ್ನು 1888ರಲ್ಲಿ ಹಂಗೇರಿಯ ಲಾಯೊಶ್ ವಿಂಕ್ಲರ್ ಪ್ರಕಟಿಸಿದರು. ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ನೀರೊಳಗೇ ತುಂಬಿಸಬೇಕು. ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿದರೆ ಮೋಡದಂತೆ ಗಷ್ಟು ಕಟ್ಟುತ್ತದೆ. ಆಮ್ಲಜನಕ ಇದ್ದರೆ ಅದು ಕಂದು ಬಣ್ಣ, ಇಲ್ಲದಿದ್ದರೆ ಬಿಳಿ. ಈ ಕ್ಷಣದಲ್ಲೇ ಲೆಕ್ಕ ಬೀಗ ಹಾಕಿದಂತೆ, ಕಾಲೇಜಿಗೆ ತರುವವರೆಗೆ ಬದಲಾಗುವುದಿಲ್ಲ. ಆಮೇಲೆ ಉಪನ್ಯಾಸಕರು ಕೈಗವಸು ಹಾಕಿ ಆಮ್ಲ ಸೇರಿಸುತ್ತಾರೆ, ಹಳದಿ ಬಣ್ಣದ ಅಯೊಡಿನ್ ಹೊರಬರುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಹನಿಹನಿಯಾಗಿ ಥಯೋಸಲ್ಫೇಟ್ ಬಿಡಬೇಕು. ಕೊನೆಗೆ ಪಿಷ್ಟ ಹಾಕಿದಾಗ ನೀಲಿಯಾದದ್ದು ಒಂದೇ ಹನಿಗೆ ಬಣ್ಣ ಕಳೆದುಕೊಳ್ಳುತ್ತದೆ. 200 ಮಿಲಿಲೀಟರ್ ನೀರಿಗೆ 0.025 ನಾರ್ಮಲ್ ದ್ರಾವಣ ಬಳಸಿದರೆ ಖರ್ಚಾದ ಪ್ರತಿ ಮಿಲಿಲೀಟರ್ ದ್ರಾವಣ, ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸಮ. ರಸಾಯನಶಾಸ್ತ್ರ ಓದದ ನಮಗೂ ಈ ಲೆಕ್ಕ ಸುಲಭವಾಗಿ ಹತ್ತಿತು.

ಈಗ ಮುಖ್ಯ ವಿಷಯ. ಈ ಸಂಖ್ಯೆ ದಿನವಿಡೀ ಒಂದೇ ಇರುವುದಿಲ್ಲ. ಹಗಲಿನಲ್ಲಿ ಪಾಚಿ ಮತ್ತು ಗಿಡಗಳು ಬಿಸಿಲಿನಿಂದ ಆಮ್ಲಜನಕ ತಯಾರಿಸುತ್ತವೆ. ರಾತ್ರಿ ತಯಾರಿಕೆ ನಿಲ್ಲುತ್ತದೆ, ಆದರೆ ಪಾಚಿಯೂ ಸೇರಿ ಎಲ್ಲ ಜೀವಿಗಳ ಉಸಿರಾಟ ಮುಂದುವರಿಯುತ್ತದೆ. ಆದ್ದರಿಂದ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು, ಅತ್ಯಂತ ಹೆಚ್ಚು ಇರುವುದು ಮಧ್ಯಾಹ್ನದ ನಂತರ. ಹನ್ನೊಂದು ಗಂಟೆಗೆ ಬಸ್ಸಿನಲ್ಲಿ ಬಂದು ಅಳೆದವರಿಗೆ ಕೆರೆ ಚೆನ್ನಾಗಿಯೇ ಕಾಣುತ್ತದೆ. ಕಷ್ಟದ ಲೆಕ್ಕ ಸಿಗುವುದು ಫಜರ್ ನಮಾಜ್ ಮುಗಿಸಿ ನೇರವಾಗಿ ದಂಡೆಗೆ ಬಂದವರಿಗೆ. ಹಾಗಾಗಿಯೇ ನಾವು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ ಬಾಟಲಿ ತುಂಬಿಸಿದೆವು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನಮ್ಮ ಕಡೆಯವರಿಗೆ ನೆನಪಿರುತ್ತದೆ. ವಿಷ ಹಾಕಿದ್ದಾರೆ ಎಂದು ಜನ ಮಾತಾಡುತ್ತಿದ್ದರು ಎಂದು ಅಬ್ಬಾ ಹೇಳುತ್ತಾರೆ. ವಿಷ ಹಾಕದೆಯೂ ಇದು ಹೀಗಾಗುತ್ತದೆ: ಬೇಸಿಗೆಯಲ್ಲಿ ನೀರು ಕಡಿಮೆ, ಬಿಸಿ ಹೆಚ್ಚು. ಚರಂಡಿ ನೀರು ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನೆಲ್ಲ ಬಳಸುತ್ತವೆ. ರಾತ್ರಿ ಪಾಚಿಯೂ ಕೊಡುವುದನ್ನು ನಿಲ್ಲಿಸುತ್ತದೆ. ಬೆಳಗಾಗುವಷ್ಟರಲ್ಲಿ ಬಂಡವಾಳ ಖಾಲಿ. ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆದು ಉಸಿರಾಡುವುದನ್ನು ಕಂಡರೆ ಅದು ಆಟವಲ್ಲ, ಕೊನೆಯ ಎಚ್ಚರಿಕೆ.

ಕೆಸರಿನಲ್ಲಿರುವ ಸಾಕ್ಷಿಗಳು

ಬ್ಯಾಲೆನ್ಸ್ ಶೀಟ್ ಹೇಳುವುದು ಒಂದು ದಿನಾಂಕದ ಸ್ಥಿತಿಯನ್ನು ಮಾತ್ರ ಎಂದು ನಾವು ಓದಿದ್ದೇವೆ. ಮಾರ್ಚ್ 31ರಂದು ಖಾತೆಯಲ್ಲಿ ಹಣ ತೋರಿಸಿ ಏಪ್ರಿಲ್‌ನಲ್ಲಿ ತೆಗೆಯುವವರೂ ಇದ್ದಾರೆ. ಬಾಟಲಿಯ ನೀರೂ ಹಾಗೆಯೇ, ಆ ಕ್ಷಣದ್ದು. ನಿನ್ನೆ ರಾತ್ರಿ ಯಾರೋ ಟ್ಯಾಂಕರ್‌ನಲ್ಲಿ ಕೊಳಕು ಸುರಿದು ಹೋಗಿದ್ದರೆ ಇವತ್ತು ಮಧ್ಯಾಹ್ನದ ಬಾಟಲಿಗೆ ಗೊತ್ತಾಗದೇ ಇರಬಹುದು. ಆದರೆ ತಳದ ಹುಳುಗಳು ತಿಂಗಳುಗಟ್ಟಲೆ ಅಲ್ಲೇ ಬದುಕುತ್ತವೆ, ಓಡಿಹೋಗಲು ಆಗುವುದಿಲ್ಲ. ಒಂದು ಕೆಟ್ಟ ರಾತ್ರಿ ಬಂದರೂ ಸೂಕ್ಷ್ಮ ಜಾತಿಗಳು ಪಟ್ಟಿಯಿಂದ ಇಲ್ಲವಾಗುತ್ತವೆ. ತಪಾಸಣೆಯ ದಿನ ಅವುಗಳನ್ನು ತಂದು ತೋರಿಸಲು ಸಾಧ್ಯವಿಲ್ಲ.

ವಿಧಾನ ಸರಳ. ಉದ್ದ ಕೋಲಿನ ಬಲೆಯಿಂದ ದಂಡೆಯ ಗಿಡಗಳ ಬುಡವನ್ನು ಗೋರಿ, ಬಂದ ಕೆಸರನ್ನು ಬಿಳಿ ಟ್ರೇಗೆ ಸುರಿದು, ಸ್ವಲ್ಪ ನೀರು ಹಾಕಿ ಎರಡು ನಿಮಿಷ ಅಲ್ಲಾಡಿಸದೆ ಕಾಯಬೇಕು. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸ ನಡೆಯಲು ಶುರು ಮಾಡುತ್ತದೆ. ಮಕ್ಕಳು 'ಏರೋಪ್ಲೇನ್ ಚಿಟ್ಟೆ' ಎನ್ನುವ ಡ್ರ್ಯಾಗನ್‌ಫ್ಲೈಯ ಮರಿ ನೀರಿನೊಳಗೆ ಬೆಳೆಯುತ್ತದೆ. ಅದಕ್ಕೆ ಮುಖದ ಕೆಳಗೆ ಮಡಚಿಟ್ಟ ತುಟಿ ಇದೆ, ಬೇಟೆ ಬಂದರೆ ಅದನ್ನು ಚಾಚಿ ಹಿಡಿಯುತ್ತದೆ. ಸೊಳ್ಳೆ ಮರಿಗಳು ಅದರ ಆಹಾರ. ಅದರ ಸಂಬಂಧಿ ಡ್ಯಾಮ್ಸೆಲ್‌ಫ್ಲೈ ಮರಿಗೆ ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರುಗಳು. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ತೆಳು ಬಾಲ. ಇವೆಲ್ಲ ನೀರಿನ ಆಮ್ಲಜನಕವನ್ನೇ ನಂಬಿರುವ ಜೀವಿಗಳು.

ಇನ್ನೊಂದು ಬದಿಯಲ್ಲಿ ಕೆಂಪು ದಾರದಂಥ ರಕ್ತಹುಳು ಇದೆ. ಇದು ಕಚ್ಚದ ಒಂದು ಬಗೆಯ ನೊಣದ ಮರಿ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇದರಲ್ಲೂ ಇರುವುದರಿಂದ ಕೆಂಪು. ಕಡಿಮೆ ಆಮ್ಲಜನಕವನ್ನೂ ಹಿಡಿದಿಟ್ಟುಕೊಂಡು ಕೊಳಕು ಕೆಸರಿನಲ್ಲಿ ಬದುಕುತ್ತದೆ. ಸೊಳ್ಳೆ ಮರಿ ಮಾತ್ರ ಬೇರೆ ಲೆಕ್ಕ. ಅದು ನೀರಿನ ಮೇಲೆ ನಳಿಕೆ ಚಾಚಿ ಗಾಳಿಯಿಂದಲೇ ಉಸಿರಾಡುತ್ತದೆ, ಆದ್ದರಿಂದ ನೀರಿನ ಆಮ್ಲಜನಕದ ಬಗ್ಗೆ ಅದರ ಸಾಕ್ಷಿ ನಡೆಯುವುದಿಲ್ಲ.

ಇವುಗಳಿಗೆ ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಬೆಳೆದು ಬಂದಿದೆ. ಒಂದೊಂದು ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ. ಎರೆಹುಳುವಿನ ಜಾತಿಯವಕ್ಕೆ 1, ರಕ್ತಹುಳುವಿನ ಕುಟುಂಬಕ್ಕೆ 2, ಅನೇಕ ಡ್ರ್ಯಾಗನ್‌ಫ್ಲೈ ಕುಟುಂಬಗಳಿಗೆ 8. ಎಲ್ಲ ಕೂಡಿಸಿ, ಸಿಕ್ಕ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಇದು ನದಿಗಳಿಗಾಗಿ ಮಾಡಿದ ಪದ್ಧತಿ, ಆದ್ದರಿಂದ ನಾವು ಮೂರು ಜಾಗಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಬಳಸಿದೆವು. ನೀರು ಒಳಬರುವ ಜಾಗದ ಟ್ರೇಯಲ್ಲಿ ಕೆಂಪು ಹುಳುಗಳೇ ಹೆಚ್ಚು. ನಮ್ಮ ಕೋಡಿಯ ಟ್ರೇಯಲ್ಲಿ ಬಸವನಹುಳು, ನೀರುತಿಗಣೆ, ಡ್ಯಾಮ್ಸೆಲ್‌ಫ್ಲೈ ಮರಿಗಳೂ ಇದ್ದವು. ಜೌಗು ಮತ್ತು ಕೆರೆ ಸೇರಿ ಮಾಡುವ ಕೆಲಸ ಏನೆಂದು ಮೂರು ಟ್ರೇಗಳನ್ನು ಪಕ್ಕಪಕ್ಕ ಇಟ್ಟಾಗ ಯಾರೂ ವಿವರಿಸಬೇಕಾಗಲಿಲ್ಲ. ಎಣಿಸಿದ ಮೇಲೆ ಎಲ್ಲವನ್ನೂ ಹಿಡಿದ ಜಾಗಕ್ಕೇ ವಾಪಸ್ ಬಿಟ್ಟೆವು.

ಅಮ್ಮಿಯ ಪ್ರಶ್ನೆ

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ: "ಆ ತಾಲಾಬಿನ ಮೀನು ತಿನ್ನಬಹುದಾ?" ಇದು ಸರಿಯಾದ ಪ್ರಶ್ನೆ. ನಮ್ಮ ಓಣಿಗೆ ಬರುವ ಅಗ್ಗದ ಮೀನು ಹೆಚ್ಚಾಗಿ ಜಿಲೇಬಿ, ಅಂದರೆ ತಿಲಾಪಿಯಾ. ಅದು ಆಫ್ರಿಕಾ ಮೂಲದ್ದು, ಕಡಿಮೆ ಆಮ್ಲಜನಕವನ್ನೂ ಸಹಿಸುತ್ತದೆ, ಬೇಗ ಮರಿ ಮಾಡುತ್ತದೆ. ಕಾಟ್ಲಾ, ರೋಹು ಸಾಯುವ ನೀರಿನಲ್ಲೂ ಅದು ಉಳಿಯಬಹುದು. ಹಾಗಾಗಿ ಮೀನು ಜೀವಂತವಾಗಿದೆ ಎಂದರೆ ನೀರು ಒಳ್ಳೆಯದು ಎಂದಲ್ಲ.

ಮೀನಿನ ಮೇಲಿನ ರೋಗಾಣುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಕಾರ್ಖಾನೆಯ ನೀರಿನಿಂದ ಬರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಬೇಯಿಸಿದರೂ ಹೋಗುವುದಿಲ್ಲ, ಮೀನಿನ ದೇಹದಲ್ಲಿ ಸೇರುತ್ತಾ ಹೋಗುತ್ತವೆ. ವಿದ್ಯಾರ್ಥಿಗಳ ಪೆಟ್ಟಿಗೆಯಿಂದ ಲೋಹ ಅಳೆಯಲಾಗುವುದಿಲ್ಲ, ಅದಕ್ಕೆ ಪ್ರಯೋಗಾಲಯ ಬೇಕು. ಕೊಳ್ಳುವವರು ಮಾಡಬಹುದಾದದ್ದು ಒಂದಿದೆ: ಯಾವ ಕೆರೆಯ ಮೀನು ಎಂದು ಕೇಳುವುದು. ಈಗ ಅಮ್ಮಿ ಕೇಳುತ್ತಾರೆ. ಮಾರುವವರಿಗೆ ಮೊದಲು ಸಿಟ್ಟು ಬಂತು, ಈಗ ಅವರೇ ಮೊದಲು ಹೇಳುತ್ತಾರೆ.

ನಮ್ಮ ಬಚ್ಚಲಿನಿಂದ ಕೋಲಾರಕ್ಕೆ

ಇದು ಬೆಂಗಳೂರಿಗೆ ಮುಗಿಯುವ ವಿಷಯವಲ್ಲ. ನಮ್ಮ ಮನೆ ಶಿವಾಜಿನಗರದ ಕಡೆ, ನಾನಿಯ ಮನೆ ಕೋಲಾರದ ಹತ್ತಿರ. ಹಲಸೂರಿನ ಭಾಗದ ಇಳಿಜಾರು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಸೇರುತ್ತದೆ. ಆ ಕಣಿವೆಯ ಘಟಕಗಳಲ್ಲಿ ಶುದ್ಧೀಕರಿಸಿದ ನೀರನ್ನು 2018ರಿಂದ ಕೊಳವೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಕಳಿಸುತ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಆ ಕೆರೆಗಳು ಅಂತರ್ಜಲ ತುಂಬಿಸುತ್ತವೆ, ಅಂತರ್ಜಲ ಬೋರ್‌ವೆಲ್‌ಗಳಿಗೆ ಬರುತ್ತದೆ. ಒಣಗಿದ ಜಿಲ್ಲೆಗೆ ನೀರು ಬಂದದ್ದು ದೊಡ್ಡ ಉಪಕಾರ. ಆದರೆ ಆ ನೀರಿಗೆ ಎರಡನೇ ಹಂತದ ಶುದ್ಧೀಕರಣ ಮಾತ್ರ ಆಗಿರುತ್ತದೆ. ಅಂದರೆ ಕೊಳೆಯುವ ವಸ್ತು ತೆಗೆದಿರುತ್ತಾರೆ, ನೈಟ್ರೇಟ್ ಫಾಸ್ಫೇಟ್‌ಗಳನ್ನು ಪೂರ್ತಿ ತೆಗೆಯುವ ಮೂರನೇ ಹಂತ ಇರುವುದಿಲ್ಲ. 2018ರಲ್ಲೇ ಅಲ್ಲಿನ ಕೆರೆಯೊಂದರಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಜಕ್ಕೂರಿನ ಜೌಗು ಮಾಡಲು ಪ್ರಯತ್ನಿಸುವುದು ಇದೇ ಮೂರನೇ ಹಂತದ ಕೆಲಸವನ್ನು.

ಇಲ್ಲಿ ನಾವು ಬಟ್ಟೆ ಒಗೆದ ಸಾಬೂನಿನ ನೀರಿನ ಒಂದು ಪಾಲು ನಾನಿಯ ಊರಿನ ಕೆರೆ ಸೇರಬಹುದು. ಅಲ್ಲಿನ ಕೆರೆಯ ಲೆಕ್ಕ ಬರೆಯುವವರು ಯಾರು? ಬೆಲೆ ಬಾಳುವ ಯಂತ್ರ ಪ್ರತಿ ಕೆರೆಗೂ ಇಡಲಾಗುವುದಿಲ್ಲ. ಆದರೆ ತಟ್ಟೆ, ಬಲೆ, ಬಿಳಿ ಟ್ರೇ ಮತ್ತು ನೋಟ್‌ಬುಕ್ ಪ್ರತಿ ಕಾಲೇಜಿಗೂ ಸಾಧ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸುವ ಕೆರೆ ಸಮ್ಮೇಳನಗಳಲ್ಲಿ ಶಾಲಾ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಗಳ ಅಧ್ಯಯನ ಮಂಡಿಸುತ್ತಾರೆ. ಒಂದು ದಿನದ ಟ್ರಿಪ್ ಒಂದು ಫೋಟೊ ಇದ್ದಂತೆ. ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ಬರೆದಾಗ ಮಾತ್ರ ಅದು ಲೆಕ್ಕಪುಸ್ತಕವಾಗುತ್ತದೆ. ಹಳೆಯ ಪುಟ ಇದ್ದರೆ ತಾನೇ ಹೊಸ ಪುಟದಲ್ಲಿ ನಷ್ಟ ಕಾಣುವುದು?

ಮುಂದಿನ ಸಲ ಬರುವವರಿಗೆ

ನಮ್ಮ ಮೂರು ಜಾಗಗಳ ಪಟ್ಟಿ ಪರಿಸರ ಸಂಘದ ರಿಜಿಸ್ಟರ್‌ನಲ್ಲಿದೆ. ಬೇಸಿಗೆಯಲ್ಲಿ ಅದೇ ಜಾಗಗಳಿಗೆ ಮತ್ತೆ ಹೋಗಬೇಕು, ಏಕೆಂದರೆ ಕೆರೆಗೆ ಕಷ್ಟದ ಕಾಲ ಅದೇ. ಬರುವವರು ಇವಿಷ್ಟು ನೆನಪಿಡಿ. ಕೈಯಲ್ಲಿ ಗಾಯವಿದ್ದರೆ ನೀರಿಗೆ ಕೈ ಹಾಕಬೇಡಿ, ಬರೆಯುವ ಕೆಲಸ ತೆಗೆದುಕೊಳ್ಳಿ. ಉಳಿದವರು ರಬ್ಬರ್ ಕೈಗವಸು ತನ್ನಿ, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಜಾರದ ಹಳೆಯ ಶೂ ಹಾಕಿ, ದಂಡೆಯಲ್ಲಿ ಒಬ್ಬರೇ ಇಳಿಯಬೇಡಿ. ಪೆನ್ನಿನ ಬದಲು ಪೆನ್ಸಿಲ್ ತನ್ನಿ, ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ. ಸಂಖ್ಯೆ ಬರೆಯುವಾಗ ದಿನಾಂಕ, ಸಮಯ, ಜಾಗ ಮೂರನ್ನೂ ಬರೆಯಿರಿ. ದಿನಾಂಕವಿಲ್ಲದ ವೋಚರ್‌ಗೆ ಬೆಲೆ ಇಲ್ಲ ಎಂದು ವಾಣಿಜ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಹೆಸರು ಕೊಡಲು ಜೀವಶಾಸ್ತ್ರ ವಿಭಾಗಕ್ಕೆ ಹೋಗಿ. ಯಾವ ಕಾಂಬಿನೇಷನ್ ಎಂದು ಅಲ್ಲಿ ಕೇಳುವುದಿಲ್ಲ.